ತಮ್ಮನಿಗೆ ಬಾಳಿಕೆ ಬರುವ ಹಾಡಿನ ಪೆಟ್ಟಿಗೆ ಮಾಡಬೇಕು, ಗೊತ್ತಿರುವವರು ಹೇಳಿ

ತಮ್ಮನ_ಅಕ್ಕ

ನನ್ನ ತಮ್ಮನಿಗೆ 34 ವರ್ಷ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗುವುದಿಲ್ಲ. ಮಾತು ಅಂದರೆ ಏಳೆಂಟು ಪದ, ಅದೂ ಮನೆಯವರಿಗೆ ಮಾತ್ರ ತಿಳಿಯುವಂಥದ್ದು. ಓದಲು ಬರುವುದಿಲ್ಲ. ಎಡಗೈ ಬಿಗಿ, ಬಲಗೈ ಆಡುತ್ತದೆ, ಆದರೆ ಬೆರಳುಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಎಲ್ಲ ಕೆಲಸಕ್ಕೂ ಅವನಿಗೆ ಮುಷ್ಟಿಯೇ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಅವನಿಗೆ ಹಾಡು ಬೇಕು.

ನಾಲ್ಕು ವರ್ಷದಲ್ಲಿ ಏಳು ಎಂಪಿ3 ಪ್ಲೇಯರ್ ಹೋದವು. ಮೂರಕ್ಕೆ ಚಾರ್ಜ್ ಹಾಕುವ ತೂತು ಸಡಿಲವಾಯಿತು. ಎರಡಕ್ಕೆ ಜೊಲ್ಲು ಇಳಿಯಿತು. ಒಂದನ್ನು ಖುಷಿಯಲ್ಲಿ ಎಸೆದ. ಏಳನೆಯದು ಕೆಟ್ಟೇ ಇಲ್ಲ, ಆದರೆ ಗುಂಡಿಯ ಮೇಲೆ ಕೈ ಸ್ವಲ್ಪ ಹೊತ್ತು ಇದ್ದರೆ ಯಾವುದೋ ಮೆನು ತೆರೆದುಕೊಂಡು ಅಲ್ಲೇ ನಿಲ್ಲುತ್ತದೆ. ಅವನ ಕೈ ಯಾವಾಗಲೂ ಗುಂಡಿಯ ಮೇಲೇ ಇರುತ್ತದೆ.

ನನಗೆ ಬೇಜಾರು ದುಡ್ಡಿಗಲ್ಲ. ಹಾಡು ನಿಂತರೆ ಯಂತ್ರ ಕೆಟ್ಟಿದೆ ಅಂತ ಅವನಿಗೆ ತಿಳಿಯುವುದಿಲ್ಲ, ತಾನೇ ಏನೋ ತಪ್ಪು ಮಾಡಿದೆ ಅಂದುಕೊಳ್ಳುತ್ತಾನೆ. ಮುಷ್ಟಿಯನ್ನು ಎದೆಗೆ ಅವಚಿಕೊಂಡು ನನ್ನ ಮುಖ ನೋಡುತ್ತಾನೆ. ಆಮೇಲೆ ಎರಡು ಮೂರು ದಿನ ಯಾವ ಗುಂಡಿಯನ್ನೂ ಮುಟ್ಟುವುದಿಲ್ಲ. ಹೊಸದು ತಂದುಕೊಟ್ಟರೆ ಮತ್ತೆ ಮೊದಲಿಂದ ಕಲಿಯಬೇಕು, ಕಲಿಯುವ ಹೊತ್ತಿಗೆ ಅದೂ ಹೋಗಿರುತ್ತದೆ.

ನಾನೇ ಒಂದು ಮಾಡೋಣ ಅಂದುಕೊಂಡಿದ್ದೇನೆ. ಸೋಲ್ಡರಿಂಗ್ ಅಲ್ಪಸ್ವಲ್ಪ ಬರುತ್ತದೆ. ಮರಗೆಲಸಕ್ಕೆ ಚಿಕ್ಕಪ್ಪ ಇದ್ದಾರೆ. ಸದ್ಯಕ್ಕೆ ತಲೆಯಲ್ಲಿರುವುದು ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್ ಬೋರ್ಡ್), ಒಂದು ದೊಡ್ಡ ಗುಂಡಿ, ಒಂದು ಪವರ್ ಬ್ಯಾಂಕ್, ಎಲ್ಲ ಒಂದು ಮರದ ಪೆಟ್ಟಿಗೆಯೊಳಗೆ. ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ಹೇಳಿ.

ರಿಪೇರಿ_ಮೇಜು

ಅಕ್ಕಾ, ಪೈ ಬೇಡ. ಪೈ ಒಳ್ಳೆಯದೇ, ಆದರೆ ಅದು ಪೂರ್ತಿ ಒಂದು ಕಂಪ್ಯೂಟರ್. ಆನ್ ಆಗಲು 20–30 ಸೆಕೆಂಡ್ ಬೇಕು, ಅಷ್ಟರಲ್ಲಿ ನಿಮ್ಮ ತಮ್ಮ ಹತ್ತು ಸಲ ಗುದ್ದಿರುತ್ತಾನೆ. ಇನ್ನೊಂದು, ಅದು ಓಡುತ್ತಿರುವಾಗ ಮೆಮೊರಿ ಕಾರ್ಡಿಗೆ ಏನಾದರೂ ಬರೆಯುತ್ತಲೇ ಇರುತ್ತದೆ. ಬರೆಯುವಾಗ ಕರೆಂಟ್ ಕಿತ್ತುಹೋದರೆ ಕಾರ್ಡ್ ಹಾಳಾಗಬಹುದು. ಬರೆಯದ ಹಾಗೆ ಬೀಗ ಹಾಕಲು ದಾರಿ ಇದೆ, ಆದರೆ ನಿಮಗೆ ಅಷ್ಟು ಬೇಕಿಲ್ಲ.

ಡಿಎಫ್‌ಪ್ಲೇಯರ್ ಮಿನಿ ಅಂತ ಹೆಬ್ಬೆರಳಿನ ಗಾತ್ರದ, ಹಾಡು ನುಡಿಸುವ ಒಂದು ಮಾಡ್ಯೂಲ್ (ಬೋರ್ಡ್) ಬರುತ್ತದೆ. 32 ಜಿಬಿವರೆಗಿನ ಕಾರ್ಡ್ ತೆಗೆದುಕೊಳ್ಳುತ್ತದೆ, 3 ವ್ಯಾಟ್ ಆಂಪ್ಲಿಫೈಯರ್ ಅದರೊಳಗೇ ಇದೆ, ಸ್ಪೀಕರ್ ನೇರವಾಗಿ ಹಾಕಬಹುದು. ಅದು ಕಾರ್ಡನ್ನು ಓದುತ್ತದೆ ಅಷ್ಟೆ. ಪಕ್ಕಕ್ಕೆ ಆರ್ಡುಯಿನೋ ನ್ಯಾನೋ ಅನ್ನುವ, ಕೋಡ್ ಬರೆದು ಹಾಕುವ ಪುಟ್ಟ ಬೋರ್ಡ್ ಒಂದನ್ನು ಹಾಕಿ, ಗುಂಡಿಗಳ ಬುದ್ಧಿಯೆಲ್ಲ ಅದರಲ್ಲಿರಲಿ. ಕರೆಂಟ್ ಕೊಟ್ಟ ಒಂದೆರಡು ಸೆಕೆಂಡಿಗೆ ತಯಾರು. ನ್ಯಾನೋದಿಂದ ಮಾಡ್ಯೂಲಿನ ಆರ್‌ಎಕ್ಸ್ ಕಾಲಿಗೆ (ಆದೇಶ ಪಡೆಯುವ ಪಿನ್ನಿಗೆ) ಹೋಗುವ ತಂತಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಸ್ಪೀಕರಿನಲ್ಲಿ ಕಿರಿಕಿರಿ ಸದ್ದು ಬರಬಹುದು.

ಪವರ್ ಬ್ಯಾಂಕೂ ಬೇಡ. ಎಳೆಯುವ ಕರೆಂಟ್ ತೀರಾ ಕಡಿಮೆಯಾದರೆ ಎಷ್ಟೋ ಪವರ್ ಬ್ಯಾಂಕುಗಳು ಏನೂ ಹಾಕಿಲ್ಲ ಅಂದುಕೊಂಡು ತಾವಾಗಿಯೇ ಆಫ್ ಆಗುತ್ತವೆ. ಹಾಡಿನ ನಡುವೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಪೆಟ್ಟಿಗೆ ಸತ್ತಂತೆ.

ಸುಮ್ನೆ_ಕೇಳುವವ

ಇಷ್ಟೆಲ್ಲ ಕಷ್ಟ ಯಾಕೆ? ಹಳೇ ಫೋನಿಗೆ ದಪ್ಪ ಕವರ್ ಹಾಕಿ, ಒಂದೇ ಆ್ಯಪ್‌ನಲ್ಲಿ ನಿಲ್ಲುವ ಹಾಗೆ ಲಾಕ್ ಮಾಡಿ. ಐಫೋನಿನಲ್ಲಿ ಗೈಡೆಡ್ ಆಕ್ಸೆಸ್ ಇದೆ, ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ಪಿನ್ನಿಂಗ್ ಇದೆ. ಇಲ್ಲ ಅಂದರೆ ಬಾಯಲ್ಲಿ ಹೇಳಿದರೆ ಹಾಡುವ ಸ್ಪೀಕರ್ ಬಂದಿದೆಯಲ್ಲ.

ತಮ್ಮನ_ಅಕ್ಕ

ಎರಡೂ ಮಾಡಿ ನೋಡಿದ್ದೇವೆ. ಗಾಜಿನ ಪರದೆಗೆ ಬೆರಳ ತುದಿಯ ಮೆಲುವಾದ ಮುಟ್ಟು ಬೇಕು. ಇವನ ಮುಷ್ಟಿ ಒಮ್ಮೆಗೇ ನಾಲ್ಕೈದು ಕಡೆ ತಾಗುತ್ತದೆ, ಕೈ ಒದ್ದೆ ಬೇರೆ ಇರುತ್ತದೆ, ಫೋನಿಗೆ ಏನೂ ಅರ್ಥವಾಗುವುದಿಲ್ಲ. ಮಾತಾಡುವ ಸ್ಪೀಕರಿಗೆ ಅವನ ಉಚ್ಚಾರ ಒಂದು ಸಲವೂ ತಿಳಿಯಲಿಲ್ಲ. ಅವನು ಕೇಳುತ್ತಲೇ ಇದ್ದ, ಅದು "ಅರ್ಥವಾಗಲಿಲ್ಲ" ಅನ್ನುತ್ತಲೇ ಇತ್ತು. ನನಗೆ ನೋಡಲು ಆಗದೆ ಅವತ್ತೇ ಪ್ಲಗ್ ಕಿತ್ತೆ.

ಕೈ_ಕಾಲು_ಕೆಲಸ

ನಾನು ಆಕ್ಯುಪೇಷನಲ್ ಥೆರಪಿಸ್ಟ್, ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವವಳು. ಮೇಡಂ, ಪೆಟ್ಟಿಗೆ ಮಾಡುವ ಮುಂಚೆ ಒಂದು ವಾರ ಅವರ ಕೈಯನ್ನು ನೋಡಿ. ಎಷ್ಟು ಜೋರಾಗಿ ಒತ್ತುತ್ತಾರೆ, ಮೇಲಿಂದ ಬಡಿಯುತ್ತಾರೋ ಪಕ್ಕದಿಂದ ಒರೆಸುತ್ತಾರೋ, ಒತ್ತಿದ ಮೇಲೆ ಕೈ ಎತ್ತಲು ಎಷ್ಟು ಹೊತ್ತು ಬೇಕು, ಇದನ್ನೆಲ್ಲ ಬರೆದಿಡಿ. ಸ್ನಾಯು ಬಿಗಿ ಇರುವವರಿಗೆ ಒತ್ತುವುದಕ್ಕಿಂತ ಬಿಡುವುದೇ ಕಷ್ಟ. ಗುಂಡಿ ಒತ್ತಿದ ಕ್ಷಣವೇ ಕೆಲಸ ಮಾಡಬೇಕು, ಬಿಟ್ಟಾಗ ಅಲ್ಲ. ಒಮ್ಮೆ ಒತ್ತಿದ ಮೇಲೆ ಮುಂದಿನ ಎರಡು ಸೆಕೆಂಡ್ ಏನೇ ಒತ್ತಿದರೂ ಲೆಕ್ಕಕ್ಕೆ ಬರಬಾರದು, ನಡುಗುವ ಕೈಗೆ ಇದು ತುಂಬಾ ಮುಖ್ಯ. ಜಾಸ್ತಿ ಹೊತ್ತು ಒತ್ತಿದರೆ ಬೇರೆ ಅರ್ಥ ಅನ್ನುವುದು ಎಲ್ಲೂ ಬೇಡ.

ಗುಂಡಿ ಹಗುರ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೈ ಅದರ ಮೇಲೇ ಇರುವವರಿಗೆ ಸ್ವಲ್ಪ ಗಟ್ಟಿ ಇರುವುದೇ ಒಳ್ಳೆಯದು. ಗುಂಡಿಗಳ ಮೇಲೆ ಕೀಗಾರ್ಡ್ ಹಾಕಿ, ಅಂದರೆ ಗುಂಡಿಯ ಜಾಗದಲ್ಲಿ ಮಾತ್ರ ತೂತು ಇರುವ ಒಂದು ದಪ್ಪ ಹಲಗೆ. ಕೈ ಹಲಗೆಯ ಮೇಲೆ ವಿಶ್ರಾಂತಿ ತೆಗೆದುಕೊಳ್ಳಬಹುದು, ಬೇಕಾದಾಗ ತೂತಿನೊಳಗೆ ಒತ್ತಬಹುದು.

ಹಿಂದುಗಡೆ ಒಂದು 3.5 ಮಿ.ಮೀ. ಮೋನೋ ಜ್ಯಾಕ್ (ಹೆಡ್‌ಫೋನ್ ಹಾಕುವಂಥ ತೂತು) ಇಟ್ಟಿರಿ. ಅಂಗವಿಕಲರಿಗಾಗಿ ಮಾಡಿರುವ ಸ್ವಿಚ್‌ಗಳು, ಕಾಲಿಂದ ಒತ್ತುವುದು, ತಲೆ ತಾಗಿಸುವುದು, ಕೆನ್ನೆಗೆ ಇಡುವುದು, ಸಾಮಾನ್ಯವಾಗಿ ಎಲ್ಲ ಅದೇ ಜ್ಯಾಕಿಗೆ ಕೂರುತ್ತವೆ. 2018ರಲ್ಲಿ ಬಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ (ಅಂಗವಿಕಲರಿಗಾಗಿ ಮಾಡಿದ ವಿಡಿಯೋ ಗೇಮ್ ಕಂಟ್ರೋಲರ್) ಹಿಂದೆಯೂ ಅವೇ ಜ್ಯಾಕುಗಳು ಸಾಲಾಗಿವೆ. ಇವತ್ತು ಬೇಡದಿರಬಹುದು. ಹತ್ತು ವರ್ಷ ಬಿಟ್ಟು ಆ ಕೈ ಸೋತರೆ ಪೆಟ್ಟಿಗೆ ಬದಲಾಯಿಸದೆ ಸ್ವಿಚ್ ಮಾತ್ರ ಬದಲಾಯಿಸಬಹುದು.

ಅಮ್ಮನ_ರೇಡಿಯೋ

ನನ್ನ ಅಮ್ಮನಿಗೆ ಕಣ್ಣು ಕಾಣಿಸುವುದಿಲ್ಲ. ನಮ್ಮಲ್ಲಿ ಹಳೇ ಪ್ಲೇಯರಿಗೆ ರಾಕ್‌ಬಾಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿದ್ದೇವೆ, ಮೆನುವನ್ನು ಅದೇ ಓದಿ ಹೇಳುತ್ತದೆ. ಅಮ್ಮನಿಗೆ ಅದು ಸಾಕು. ಪರದೆಯೇ ಇಲ್ಲದ ಐಪಾಡ್ ಶಫಲ್ ಇನ್ನೂ ಇಷ್ಟವಾಗಿತ್ತು, ಗುಂಡಿಗಳು ಕೈಗೇ ಸಿಗುತ್ತಿದ್ದವು. 2005ರಲ್ಲಿ ಬಂದದ್ದು 2017ರಲ್ಲಿ ನಿಂತೇ ಹೋಯಿತು. ಕೈಗೆ ಒಗ್ಗಿದ್ದು ಅಂಗಡಿಯಿಂದ ಮಾಯವಾದರೆ ಆಗುವ ಸಂಕಟ ನನಗೂ ಗೊತ್ತು ಅಕ್ಕಾ.

ಒಂದು ಸಲಹೆ: ಹಾಡು ಶುರುವಾಗುವ ಮುಂಚೆ ಯಾವ ಹಾಡು ಅಂತ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಹಾಕಿ. ಯಂತ್ರದ ದನಿ ಬೇಡ.

ತಮ್ಮನ_ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಥೆರಪಿಸ್ಟ್ ಮೇಡಂ ಹೇಳಿದ ಹಾಗೆ ಒಂದು ವಾರ ಬರೆದಿಟ್ಟೆ. ಒಂದು ಹಾಡಿಗೆ ಅವನು ಗುಂಡಿಯನ್ನು ಒಂದೇ ಸಲ ಒತ್ತಿ ಬಿಟ್ಟದ್ದೇ ಇಲ್ಲ. ಮೂರು, ಐದು, ಒಮ್ಮೆ ಒಂಬತ್ತು. ಆಗ ಗೊತ್ತಾಯಿತು ನೋಡಿ. ಒಂದೇ ಗುಂಡಿಯಲ್ಲಿ ಶುರು ಮತ್ತು ನಿಲ್ಲಿಸು ಎರಡೂ ಇದ್ದರೆ, ಮೂರು ಸಲ ಒತ್ತಿದಾಗ ಹಾಡು ಬರುತ್ತದೆ, ನಾಲ್ಕು ಸಲ ಒತ್ತಿದಾಗ ಬರುವುದಿಲ್ಲ. ಇಷ್ಟು ವರ್ಷ ಅವನ ಪಾಲಿಗೆ ಗುಂಡಿ ಅಂದರೆ ಒಮ್ಮೆ ಮಾತು ಕೇಳುವ, ಒಮ್ಮೆ ಕೇಳದ ವಸ್ತು. ಪ್ಲೇಯರ್ ಚೆನ್ನಾಗಿದ್ದಾಗಲೂ ಅದು ಅವನ ಪಾಲಿಗೆ ಅರ್ಧ ಕೆಟ್ಟೇ ಇತ್ತು. ಇದನ್ನು ನಾನು ನೋಡಿರಲೇ ಇಲ್ಲ.

ಹಾಗಾಗಿ ಗುಂಡಿಗೆ ಒಂದೇ ಕೆಲಸ. ಒತ್ತಿದರೆ ಮುಂದಿನ ಹಾಡು. ನಿಲ್ಲಿಸುವುದು ಆ ಗುಂಡಿಯಲ್ಲಿ ಇಲ್ಲವೇ ಇಲ್ಲ.

ಈಗ ಪ್ರಶ್ನೆ, ನಿಲ್ಲಿಸುವುದು ಹೇಗೆ?

ರಿಪೇರಿ_ಮೇಜು

ಹಳೇ ಕ್ಯಾಸೆಟ್ ಪ್ಲೇಯರ್ ನೆನಪಿಸಿಕೊಳ್ಳಿ. ಪ್ಲೇ ಒತ್ತಿದರೆ ಕೀ ಕೆಳಗೇ ಕೂತಿರುತ್ತಿತ್ತು. ಮುಟ್ಟಿದರೆ ಸಾಕು, ಓಡುತ್ತಿದೆಯೋ ಇಲ್ಲವೋ ತಿಳಿಯುತ್ತಿತ್ತು. ಮರೆವಿನ ಕಾಯಿಲೆ ಇರುವವರಿಗೆ ಮಾಡಿದ ಒಂದು ಪ್ಲೇಯರಿನಲ್ಲಿ ಮುಚ್ಚಳ ಎತ್ತಿದರೆ ಹಾಡು, ಮುಚ್ಚಿದರೆ ಮೌನ. ನಿಮಗೂ ಅಂಥದ್ದೇ ಏನಾದರೂ ಬೇಕು.

ನಾನಾದರೆ ಬಿಲ್ಲೆ ಮಾಡುತ್ತೇನೆ. ಆರ್‌ಸಿ522 ಅಂತ ಆರ್‌ಎಫ್‌ಐಡಿ ರೀಡರ್ ಬರುತ್ತದೆ, ಟ್ಯಾಗ್ ಅನ್ನುವ ಪುಟ್ಟ ಚಿಪ್ಪನ್ನು ಮುಟ್ಟದೆಯೇ ಕೆಲವು ಸೆಂಟಿಮೀಟರ್ ದೂರದಿಂದ ಓದುತ್ತದೆ. ಮರದ ಬಿಲ್ಲೆಯೊಳಗೆ ಒಂದು ಟ್ಯಾಗ್ ಅಂಟಿಸಿ. ಬಿಲ್ಲೆಯನ್ನು ಪೆಟ್ಟಿಗೆಯ ಗುಳಿಯಲ್ಲಿಟ್ಟರೆ ಆ ಗುಂಪಿನ ಹಾಡುಗಳು, ತೆಗೆದರೆ ನಿಲ್ಲುತ್ತದೆ. ಟೋನುಯಿನೋ ಅಂತ ಜರ್ಮನಿಯ ಒಂದು ಮುಕ್ತ ಯೋಜನೆ (ಕೋಡ್ ಯಾರು ಬೇಕಾದರೂ ಬಳಸಬಹುದು) ಇದೆ, ಮಕ್ಕಳ ಹಾಡಿನ ಪೆಟ್ಟಿಗೆಗೆ ಇದೇ ಮೂರು ಸಾಮಾನು, ಅಂದರೆ ಹಾಡಿನ ಮಾಡ್ಯೂಲ್, ನ್ಯಾನೋ, ಈ ರೀಡರ್, ಬಳಸುತ್ತದೆ, ಕೋಡ್ ಅಲ್ಲಿಂದಲೇ ಶುರು ಮಾಡಬಹುದು. ಗುಳಿಯ ಕೆಳಗೆ ಲೋಹದ ತಗಡು ಮಾತ್ರ ಹಾಕಬೇಡಿ, ಟ್ಯಾಗ್ ಓದುವುದಿಲ್ಲ.

ಅಮ್ಮನ_ರೇಡಿಯೋ

ಬಿಲ್ಲೆ ಬಾಯಿಗೆ ಹೋಗದಷ್ಟು ದೊಡ್ಡದಿರಲಿ. ಪೆಟ್ಟಿಗೆಯಲ್ಲಿ ಎಲ್ಲೂ ಕಿತ್ತು ಬರುವ ಸಣ್ಣ ಆಯಸ್ಕಾಂತ, ಬಟನ್ ಸೆಲ್ ಇರಬಾರದು. ನುಂಗಿದರೆ ಎರಡೂ ತುಂಬಾ ಅಪಾಯ.

ತಮ್ಮನ_ಅಕ್ಕ

ಮೊದಲ ಪೆಟ್ಟಿಗೆ ಆಯಿತು, ಅದರ ಕಥೆ ಹೇಳುತ್ತೇನೆ. 12 ಮಿ.ಮೀ. ಪ್ಲೈವುಡ್, ಮೂಲೆಗಳನ್ನೆಲ್ಲ ಚಿಕ್ಕಪ್ಪ ಉಜ್ಜಿ ದುಂಡಗೆ ಮಾಡಿದರು. ಆಟದ ಯಂತ್ರಗಳಲ್ಲಿ ಬರುವ 100 ಮಿ.ಮೀ.ನ ಹಳದಿ ಗುಮ್ಮಟದ ಗುಂಡಿ. ಕೀಗಾರ್ಡ್ ತೂತಿನ ಅಳತೆಗೆ ಒಂದು ತಟ್ಟೆಯಲ್ಲಿ ಹಸಿ ಜೇಡಿಮಣ್ಣು ಹರಡಿ ಅವನ ಮುಂದಿಟ್ಟೆ. ಹಾಡು ಹಾಕಿ, ಒತ್ತು ಅಂದೆ. ಮುಷ್ಟಿಯ ಗುರುತುಗಳು ಒಂದರ ಮೇಲೊಂದು ಬಿದ್ದವು. ಎಲ್ಲವೂ ಬಲಕ್ಕೆ ವಾಲಿದ್ದವು, ಕಿರುಬೆರಳ ಕಡೆ ಆಳ ಜಾಸ್ತಿ, ಹೆಬ್ಬೆರಳ ಕಡೆ ಮಣ್ಣು ಮುಟ್ಟೇ ಇರಲಿಲ್ಲ. ತೂತನ್ನು ದುಂಡಗೆ ಕೊರೆಯದೆ ಆ ಗುರುತಿನ ಆಕಾರಕ್ಕೇ ಕೊರೆದೆವು, ಪೆಟ್ಟಿಗೆಯ ಮೇಲ್ಭಾಗವನ್ನೂ ಬಲಕ್ಕೆ ಸ್ವಲ್ಪ ಇಳಿಜಾರು ಮಾಡಿದೆವು.

ಮೂರನೇ ದಿನ ಮೇಜಿನಿಂದ ಬಿತ್ತು. ಮರಕ್ಕೆ ಗೀರು ಕೂಡ ಆಗಲಿಲ್ಲ, ಆದರೆ ಹಾಡು ನಿಂತಿತು. ಬಿಚ್ಚಿ ನೋಡಿದರೆ ಬಿದ್ದ ಏಟಿಗೆ ಮೆಮೊರಿ ಕಾರ್ಡ್ ಸ್ಪ್ರಿಂಗಿನಿಂದ ಅರ್ಧ ಹೊರಗೆ ಬಂದಿತ್ತು. ಪೆಟ್ಟಿಗೆ ಗಟ್ಟಿ ಮಾಡುವುದರಲ್ಲೇ ಇದ್ದೆ, ಒಳಗಿನದು ಅಲುಗುತ್ತದೆ ಅಂತ ಹೊಳೆದಿರಲಿಲ್ಲ. ಅವನು ಮತ್ತೆ ಎರಡು ದಿನ ಮುಷ್ಟಿ ಬಿಚ್ಚಲಿಲ್ಲ.

ರಿಪೇರಿ_ಮೇಜು

ಬೇಜಾರಾಗಬೇಡಿ. ರಿಪೇರಿಗೆ ಬರುವುದರಲ್ಲಿ ಚಿಪ್ ಸತ್ತಿರುವುದು ಅಪರೂಪ. ಅಲುಗಾಡುವ ತಂತಿ, ಸೋಲ್ಡರ್ ಹಾಕಿದ ಜಾಗದಲ್ಲೇ ಮುರಿದದ್ದು, ಜಾರಿದ ಕನೆಕ್ಟರ್, ಇವೇ ಜಾಸ್ತಿ. ಕಾರ್ಡ್ ಹಾಕಿದ ಮೇಲೆ ಅದರ ಮೇಲೆ ಅಡ್ಡಕ್ಕೆ ಟೇಪ್ ಸುತ್ತಿ. ಸೋಲ್ಡರ್ ಮಾಡಿದ ಪ್ರತಿ ತಂತಿಯನ್ನೂ ಒಂದು ಇಂಚು ದೂರದಲ್ಲಿ ಮರಕ್ಕೆ ಕಟ್ಟಿಬಿಡಿ, ಎಳೆತ ಆ ಕಟ್ಟಿಗೆ ಬೀಳಬೇಕು, ಸೋಲ್ಡರಿಗೆ ಬೀಳಬಾರದು. ಬೋರ್ಡುಗಳ ಕೆಳಗೆ ದಪ್ಪ ಫೋಮ್. ಪದೇ ಪದೇ ಬಿಚ್ಚುವ ಕಡೆ ಮರದ ಸ್ಕ್ರೂ ಬೇಡ, ತೂತು ಸಡಿಲವಾಗುತ್ತದೆ. ಹಿತ್ತಾಳೆಯ ಇನ್ಸರ್ಟ್ (ಒಳಗೆ ಸ್ಕ್ರೂ ಗೆರೆ ಇರುವ ಕೊಳವೆ) ಕೂರಿಸಿ ಬೋಲ್ಟ್ ಹಾಕಿ.

ಸ್ಪೀಕರ್ ಕಾಗದದ ಕೋನಿನದಾದರೆ ಜೊಲ್ಲಿಗೆ ನೆನೆದು ಹರಿಯುತ್ತದೆ, ಪ್ಲಾಸ್ಟಿಕ್ ಕೋನಿನದು ತೆಗೆದುಕೊಳ್ಳಿ. ಅದನ್ನು ಮೇಲ್ಭಾಗದಲ್ಲಿ ಇಡಬೇಡಿ, ಪೆಟ್ಟಿಗೆಯ, ಅವನಿಗೆ ಎದುರಾಗುವ ಬದಿಯಲ್ಲಿ ಇಡಿ, ನೀರು ಕೆಳಗೆ ಜಾರಿ ಹೋಗಲಿ.

ಚಾರ್ಜಿಗೆ ಏನು ಮಾಡಿದಿರಿ?

ತಮ್ಮನ_ಅಕ್ಕ

ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹೆಚ್ಚು ಸುರಕ್ಷಿತ ಅಂತ ಓದಿ ಅದನ್ನೇ ತಂದಿದ್ದೇನೆ. 32700 ಗಾತ್ರ, 6000 ಮಿಲಿಆಂಪ್ ಅವರ್. ನನ್ನ ಹತ್ತಿರ ಟಿಪಿ4056 ಚಾರ್ಜಿಂಗ್ ಬೋರ್ಡ್ ಇತ್ತು, ಅದಕ್ಕೆ ಜೋಡಿಸೋಣ ಅಂತ.

ರಿಪೇರಿ_ಮೇಜು

ನಿಲ್ಲಿ ಅಕ್ಕಾ, ಜೋಡಿಸಬೇಡಿ! ಆ ಬೋರ್ಡ್ ಮಾಮೂಲಿ ಲಿಥಿಯಂ ಅಯಾನ್ ಸೆಲ್‌ಗೆ. ಅದು 4.2 ವೋಲ್ಟ್‌ವರೆಗೆ ತುಂಬುತ್ತದೆ. ನಿಮ್ಮ ಸೆಲ್ 3.65ಕ್ಕೆ ನಿಲ್ಲಬೇಕು. ಆ ಜಾತಿಯ ಸೆಲ್‌ಗೆ ಅಂತಲೇ ಬರೆದಿರುವ ಚಾರ್ಜರ್ ಬೋರ್ಡ್ ತೆಗೆದುಕೊಳ್ಳಿ, ಜೊತೆಗೆ ಅದರದ್ದೇ ಪ್ರೊಟೆಕ್ಷನ್ ಬೋರ್ಡ್. ಸೆಲ್ 3.2 ವೋಲ್ಟ್ ಆಸುಪಾಸಿನದು, ಹಾಗಾಗಿ 5 ವೋಲ್ಟ್‌ಗೆ ಏರಿಸುವ ಬೂಸ್ಟ್ ಬೋರ್ಡ್ ಬೇಕು. ಸೆಲ್ ಆಯ್ಕೆ ಮಾತ್ರ ಬಹಳ ಒಳ್ಳೆಯದು. ಎರಡು ಸಾವಿರ ಸಲ ಚಾರ್ಜ್ ಮಾಡಿದರೂ ತಡೆಯುವ ಜಾತಿ, ದಿನಕ್ಕೊಮ್ಮೆ ಅಂದರೂ ಐದು ವರ್ಷದ ಮೇಲೆ. ಹಾಡುವಾಗ ನಿಮ್ಮ ಪೆಟ್ಟಿಗೆ 150 ಮಿಲಿಆಂಪ್ ಎಳೆಯುತ್ತದೆ ಅಂತ ಹಿಡಿದರೆ, ಬೂಸ್ಟಿನಲ್ಲಿ ಹೋಗುವುದನ್ನು ಕಳೆದೂ ಸುಮಾರು 20 ಗಂಟೆ ಬರುತ್ತದೆ.

ಮೂರು ಪ್ಲೇಯರ್ ಚಾರ್ಜ್ ತೂತಿನಿಂದಲೇ ಹೋದವು ಅಂದಿರಿ. ತೂತೇ ಬೇಡ. ತಳದ ಒಳಗಡೆ ಚಿ (Qi) ಅನ್ನುವ ವೈರ್‌ಲೆಸ್ ಚಾರ್ಜಿಂಗಿನ ರಿಸೀವರ್ ಸುರುಳಿ ಅಂಟಿಸಿ, ರಾತ್ರಿ ಪೆಟ್ಟಿಗೆಯನ್ನು ಪ್ಯಾಡಿನ ಮೇಲೆ ಇಟ್ಟರೆ ಆಯಿತು. 12 ಮಿ.ಮೀ. ಮರದ ಮೂಲಕ ಅದು ಕೆಲಸ ಮಾಡುವುದಿಲ್ಲ, ಆ ಜಾಗದಲ್ಲಿ ಒಳಗಿನಿಂದ ಕೊರೆದು ಮರವನ್ನು 3 ಮಿ.ಮೀ.ಗೆ ಇಳಿಸಿ.

ತಮ್ಮನ_ಅಕ್ಕ

ಅಯ್ಯೋ, ಕೇಳಿದ್ದು ಒಳ್ಳೆಯದಾಯಿತು. ಬೋರ್ಡ್ ಎತ್ತಿಟ್ಟೆ. ಚಿಕ್ಕಪ್ಪ ತಳ ಕೊರೆಯುತ್ತಿದ್ದಾರೆ.

ಕೈ_ಕಾಲು_ಕೆಲಸ

ಸದ್ದಿನ ಮಟ್ಟ ಎಷ್ಟಿಟ್ಟಿದ್ದೀರಿ? ದಿನವಿಡೀ ಕೇಳುವವರು, ಕಿವಿ ನೋಯುತ್ತಿದೆ ಅಂತ ಹೇಳಲು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ದೊಡ್ಡವರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ. ಇವರು ಅದರ ಎರಡರಷ್ಟು ಹೊತ್ತು ಕೇಳುತ್ತಾರೆ ಅಂದರೆ ಅದಕ್ಕಿಂತ ಕೆಳಗೇ ಇರಬೇಕು. ಅವರು ಕೂರುವ ಜಾಗದಲ್ಲಿ, ಕಿವಿಯ ಹತ್ತಿರ ಅಳೆಯಿರಿ.

ತಮ್ಮನ_ಅಕ್ಕ

ಅಳೆದೆ ಮೇಡಂ. ಮಾಡ್ಯೂಲಿನಲ್ಲಿ 0ಯಿಂದ 30ರವರೆಗೆ ಹಂತ ಇದೆ. 17ಕ್ಕೆ ಇಟ್ಟರೆ ಅವನ ಕಿವಿಯ ಹತ್ತಿರ 65ರ ಆಸುಪಾಸು ಬರುತ್ತದೆ. ಅದನ್ನೇ ಕೋಡಿನಲ್ಲಿ ಗಟ್ಟಿ ಮಾಡಿಬಿಟ್ಟೆ, ಹೊರಗೆ ವಾಲ್ಯೂಮ್ ಗುಂಡಿಯೇ ಇಲ್ಲ. ಬ್ಯಾಟರಿ ಇಳಿದಾಗ ಥಟ್ಟನೆ ನಿಲ್ಲುವ ಹಾಗೂ ಇಲ್ಲ. ಅರ್ಧ ಗಂಟೆ ಮುಂಚೆ ಹಿಂದುಗಡೆ, ನಮಗೆ ಕಾಣುವ ಹಾಗೆ, ಕೆಂಪು ದೀಪ ಹತ್ತುತ್ತದೆ.

ಬಿಲ್ಲೆ ಐದು ಮಾಡಿದ್ದೇವೆ. ಒಂದೊಂದೂ ಅಂಗೈ ಅಗಲ. ಚಿತ್ರ ಅಂಟಿಸಿದ್ದರಲ್ಲಿ ಅವನಿಗೆ ಆಸಕ್ತಿ ಇಲ್ಲ, ಕೈಗೆ ತಿಳಿಯುವುದೇ ಬೇಕು. ಒಂದರ ಮೇಲೆ ಒರಟು ಹಗ್ಗ, ಒಂದರ ಮೇಲೆ ಮರದ ಉಬ್ಬುಗಳು, ಒಂದು ನುಣುಪು. ಒಂದರ ಮೇಲೆ ಅಮ್ಮನ ಹಳೇ ಶಾಲಿನ ತುಂಡು. ಅಮ್ಮ ಈಗ ಇಲ್ಲ. ಅವರು ಹಾಡಿಕೊಳ್ಳುತ್ತಿದ್ದದ್ದನ್ನು ಹಿಂದೆ ಯಾವಾಗಲೋ ಫೋನಿನಲ್ಲಿ ಹಿಡಿದಿಟ್ಟಿದ್ದೆ, ಅಡುಗೆಮನೆಯ ಪಾತ್ರೆ ಸದ್ದೂ ಅದರಲ್ಲಿದೆ, ಅದನ್ನೂ ಸೇರಿಸಿದೆ. ಅವನು ಆ ಬಿಲ್ಲೆಯನ್ನು ಮೊದಲು ಕೆನ್ನೆಗೆ ಉಜ್ಜಿಕೊಳ್ಳುತ್ತಾನೆ, ಆಮೇಲೆ ಗುಳಿಯಲ್ಲಿಡುತ್ತಾನೆ. ಇಡಲು ಒಂದು ನಿಮಿಷ ಹಿಡಿಯುತ್ತದೆ. ನಾನು ಸಹಾಯಕ್ಕೆ ಕೈ ಚಾಚಿದರೆ ತಳ್ಳುತ್ತಾನೆ.

ಸುಮ್ನೆ_ಕೇಳುವವ

ಮೊದಲು ಫೋನ್ ಸಾಕು ಅಂದಿದ್ದೆ. ನನಗೆ ತಿಳಿದಿರಲಿಲ್ಲ ಅಕ್ಕಾ, ಕ್ಷಮಿಸಿ. ಒಂದು ಅನುಮಾನ, ಇಷ್ಟು ಮಾಡಿದ ಮೇಲೂ ಒಂದು ದಿನ ಕೆಡುತ್ತದಲ್ಲ, ಅವತ್ತು ಏನು ಮಾಡುತ್ತೀರಿ?

ತಮ್ಮನ_ಅಕ್ಕ

ನನ್ನ ತಲೆಯಲ್ಲಿ ಮೊದಲ ದಿನದಿಂದ ಇರುವ ಪ್ರಶ್ನೆ ಅದೇ. ಕೆಡದ ಪೆಟ್ಟಿಗೆ ನನ್ನಿಂದ ಆಗುವುದಿಲ್ಲ. ಅವನ ಕೈ ಕೆಳಗೆ ಹಾಡು ನಿಲ್ಲದಂತೆ ಮಾಡಬಹುದು.

ಅದಕ್ಕೆ ಎರಡು ಮಾಡಿದ್ದೇವೆ, ಅವಳಿ ಜವಳಿ. ಒಂದೇ ಹಲಗೆಯಿಂದ ಕೊಯ್ದದ್ದು, ಒಂದೇ ಗುಂಡಿ, ಒಂದೇ ತೂಕ. ಎರಡನೆಯದನ್ನು ಬೀರುವಿನಲ್ಲಿ ಇಟ್ಟಿದ್ದರೆ ಅದು ಹೊಸದಾಗೇ ಉಳಿಯುತ್ತಿತ್ತು. ಇವನಿಗೆ ವಾಸನೆ, ಗೀರು, ಕೈ ಉಜ್ಜಿ ನುಣುಪಾದ ಜಾಗ ಎಲ್ಲ ಗೊತ್ತಾಗುತ್ತದೆ, ಹೊಸದನ್ನು ತನ್ನದಲ್ಲ ಅಂತ ತಳ್ಳುತ್ತಿದ್ದ. ಹಾಗಾಗಿ ದಿನಾ ರಾತ್ರಿ ಅವನು ಮಲಗಿದ ಮೇಲೆ ಬದಲಾಯಿಸುತ್ತೇನೆ. ಒಂದು ಚಾರ್ಜಿಗೆ, ಇನ್ನೊಂದು ಅವನ ಮೇಜಿಗೆ. ಎರಡೂ ಜೊತೆಜೊತೆಯಾಗಿ ಹಳತಾಗಬೇಕು. ಮೆಮೊರಿ ಕಾರ್ಡಿನ ನಕಲು ಎರಡು ಬೇರೆ ಇವೆ, ಒಂದು ಚಿಕ್ಕಪ್ಪನ ಮನೆಯಲ್ಲಿ. ಫೋಲ್ಡರ್ 01, ಹಾಡು 001 ಅಂತ ಹೆಸರಿಟ್ಟು, ಹೆಸರಿನಿಂದಲೇ ಕರೆಯುವ ಹಾಗೆ ಕೋಡ್ ಬರೆದಿದ್ದೇನೆ. ಇಲ್ಲದಿದ್ದರೆ ಕಾರ್ಡಿಗೆ ಯಾವುದನ್ನು ಮೊದಲು ಹಾಕಿದೆವೋ ಆ ಕ್ರಮದಲ್ಲಿ ಹಾಡುತ್ತದೆ, ನಕಲಿನಲ್ಲಿ ಹಾಡುಗಳು ಹಿಂದುಮುಂದಾಗುತ್ತವೆ.

ತಂತಿಗಳ ಚಿತ್ರ, ಯಾವ ಕಾಲಿಗೆ ಯಾವುದು, ಎಲ್ಲ ಕಾಗದದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗಡೆ ಅಂಟಿಸಿದ್ದೇನೆ. ನಾನಿಲ್ಲದಿದ್ದರೂ ಯಾರಾದರೂ ಬಿಚ್ಚಿ ಸರಿ ಮಾಡಬೇಕು ಅಲ್ವಾ.

ಅಮ್ಮನ_ರೇಡಿಯೋ

ಈ ಕೊನೆಯದನ್ನು ನಾನೂ ಇವತ್ತೇ ಮಾಡುತ್ತೇನೆ.

ರಿಪೇರಿ_ಮೇಜು

ಎರಡು ತಿಂಗಳಾಯಿತು, ಹೇಗಿದೆ ಅಕ್ಕಾ?

ತಮ್ಮನ_ಅಕ್ಕ

ಹೋದ ವಾರ ಒಂದರ ಗುಂಡಿ ಸತ್ತಿತು. ಒಳಗಿನ ಮೈಕ್ರೋಸ್ವಿಚ್ಚಿನ ಕಾಲು ಬಾಗಿತ್ತು, ಅವನ ಗುದ್ದಿಗೆ. ಮಧ್ಯಾಹ್ನ ಅವನು ಒತ್ತಿದ, ಬರಲಿಲ್ಲ, ಇನ್ನೊಮ್ಮೆ ಒತ್ತಿದ. ನಾನು ಪಕ್ಕದಲ್ಲೇ ಇದ್ದೆ. ಒರೆಸಿಕೊಡುತ್ತೇನೆ ಅಂತ ಎತ್ತಿಕೊಂಡು ಹೋಗಿ ಇನ್ನೊಂದನ್ನು ತಂದಿಟ್ಟೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಶಾಲಿನ ಬಿಲ್ಲೆ ಅವನ ಕೈಯಲ್ಲೇ ಇತ್ತು. ಗುಳಿಯಲ್ಲಿಟ್ಟ, ಪಾತ್ರೆ ಸದ್ದು ಬಂತು, ಅಮ್ಮನ ದನಿ ಬಂತು. ಗುಂಡಿ ಒತ್ತಿ ನೋಡಿದ, ಮುಂದಿನದು ಬಂತು. ಕೈಯನ್ನು ಅಲ್ಲೇ ಹಲಗೆಯ ಮೇಲೆ ಬಿಟ್ಟುಕೊಂಡು ಕಿಟಕಿ ಕಡೆ ತಿರುಗಿದ.

ಸ್ವಿಚ್ ಅವತ್ತು ರಾತ್ರಿಯೇ ಬದಲಾಯಿಸಿದೆ. ಈ ಸಲ ಅದರ ಕೆಳಗೆ ಒಂದು ಮರದ ತುಂಡು ಕೊಟ್ಟಿದ್ದೇನೆ, ಗುಂಡಿ ಪೂರ್ತಿ ಇಳಿದಾಗ ಪೆಟ್ಟು ಮರಕ್ಕೆ ಬೀಳುತ್ತದೆ, ಸ್ವಿಚ್ಚಿಗೆ ಬೀಳುವುದಿಲ್ಲ. ಇನ್ನೊಂದು ಪೆಟ್ಟಿಗೆಗೂ ಭಾನುವಾರ ಹಾಕುತ್ತೇನೆ.